ಬೆನ್ನಿಗೆ ಕಟ್ಟಿದ ಹಲಗೆ

ಹಳಿಯಾಳದ ನಮ್ಮ ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ, ಹಿಂಭಾಗದಲ್ಲಿ ನಾವು. ನಡುವೆ ಒಂದೇ ಗೋಡೆ. ಗಿರಣಿ ಶುರುವಾದರೆ ಪಡಸಾಲೆಯ ಗೂಡಿನಲ್ಲಿಟ್ಟ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅದು ನಿಂತಾಗ ಮಾತ್ರ ನಾವು ಅಷ್ಟು ಹೊತ್ತೂ ಕೂಗಿಯೇ ಮಾತಾಡುತ್ತಿದ್ದೆವೆಂದು ಗೊತ್ತಾಗುತ್ತಿತ್ತು. ಜೋಳ ಬೀಸುವಾಗ ಮನೆಯೆಲ್ಲ ಬೆಚ್ಚಗಿನ ವಾಸನೆ, ಖಾರ ಕುಟ್ಟುವಾಗ ಎಲ್ಲರಿಗೂ ಸೀನು. ಅಪ್ಪನ ಹುಬ್ಬು, ಕಿವಿಯ ಕೂದಲು, ಕೈಯ ರೋಮ ಸದಾ ಬೆಳ್ಳಗೆ. ಸಂಜೆ ಸ್ನಾನ ಮಾಡಿ ಬಂದನೆಂದರೆ ಯಾರೋ ಕಿರಿಯ ತಮ್ಮನ ಹಾಗೆ ಕಾಣುತ್ತಿದ್ದ. ಮದುವೆಗೆ ಮೊದಲು ಅವನು ಪೈಲವಾನ. ನಮ್ಮೂರಿನಲ್ಲಿ ಅದೇನೂ ವಿಶೇಷವಲ್ಲ. ಗರಡಿಯ ಮಣ್ಣು ಮೈಗೆ ಹಚ್ಚಿಕೊಂಡವರು ಓಣಿಗೊಬ್ಬರಾದರೂ ಸಿಗುತ್ತಾರೆ. ಮಂಡಿ ಕೆಟ್ಟ ಮೇಲೆ ಕುಸ್ತಿ ಬಿಟ್ಟ, ಗಿರಣಿ ಹಿಡಿದ. ಆದರೆ ಮನುಷ್ಯರನ್ನು ನೋಡುವ ಅವನ ರೀತಿ ಬದಲಾಗಲಿಲ್ಲ. ಬೀಸಿಸಲು ಬಂದವರ ಹೆಗಲು, ಕುತ್ತಿಗೆ, ನಿಲುವು ನೋಡಿಟ್ಟುಕೊಂಡು, ಅವರು ಹೋದ ಮೇಲೆ ಒಂದು ಮಾತು ಹೇಳುತ್ತಿದ್ದ: ಇವನು ಎಡಗಾಲಿನ ಮೇಲೆ ಭಾರ ಹಾಕುತ್ತಾನೆ, ಅವನಿಗೆ ಕುತ್ತಿಗೆಯಿಲ್ಲ. ಅಂಥವನ ಮನೆಯಲ್ಲಿ ನನ್ನ ಬೆನ್ನು ಓರೆಯಾಗಿ ಬೆಳೆಯಿತು, ಅವನಿಗೆ ಗೊತ್ತಾಗಲಿಲ್ಲ. ದೊಡ್ಡವಳಾದ ಮಗಳ ಕಡೆ ಆ ಕಣ್ಣಿನಿಂದ ನೋಡುವ ಪದ್ಧತಿ ನಮ್ಮಲ್ಲಿರಲಿಲ್ಲ.

ಇದನ್ನು ಈಗ ಬರೆಯಲು ಕಾರಣ ದಾಂಡೇಲಿಯ ಅತ್ತಿ, ಅಪ್ಪನ ಅಕ್ಕ. ಹೋದ ತಿಂಗಳು ಅವಳ ಫೋನು ಬಂತು.

"ಸುಮೀ, ಆ ಹಲಗಿ ಇನ್ನೂ ಐತೇನ ನಿಮ್ಮ ಮನ್ಯಾಗ?"

"ಯಾವ ಹಲಗಿ ಅತ್ತಿ?"

"ಯಾವ ಹಲಗಿ ಅಂತಾಳ ನೋಡು! ನಿನ್ನ ಬೆನ್ನಿಗೆ ಕಟ್ಟಿದ್ದು. ನಮ್ಮ ಪ್ರೀತಿಗೂ ಹಂಗ ಬೆನ್ನ ಡೊಂಕ ಆಗೈತಿ. ಡಾಕ್ಟರು ಏನೇನೋ ಹೇಳ್ಯಾರ, ಆಪರೇಶನ್ನೂ ಅಂದಾರ. ಮೊದಲ ಆ ಹಲಗಿ ಕಟ್ಟಿ ನೋಡೂಣು ಅಂತ."

ಪ್ರೀತಿ ಅವಳ ಮೊಮ್ಮಗಳು, ಹೈಸ್ಕೂಲಿಗೆ ಈಗಷ್ಟೇ ಕಾಲಿಟ್ಟವಳು. ನೋಡಿ ಹೇಳುತ್ತೇನೆ ಎಂದು ಫೋನಿಟ್ಟೆ. ಹಲಗೆಯ ಕಥೆಯನ್ನು ನಾನು ಮದುವೆಮನೆಗಳಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಅದನ್ನು ನಂಬಿ ಒಂದು ಹುಡುಗಿಯ ಬೆನ್ನಿನ ಬಗ್ಗೆ ತೀರ್ಮಾನ ಮಾಡುತ್ತಾರೆಂದು ಎಂದೂ ಅಂದುಕೊಂಡಿರಲಿಲ್ಲ. ಧಾರವಾಡದಲ್ಲಿ ಇತಿಹಾಸ ಕಲಿಸುತ್ತೇನೆ; ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳುವುದು ನನ್ನ ಕೆಲಸ. ನಾನು ದಿನಚರಿ ಬರೆಯಲು ಶುರುಮಾಡಿದ್ದು ಆಸ್ಪತ್ರೆಯ ಹಾಸಿಗೆಯಲ್ಲಿ. ಅದಕ್ಕೆ ಹಿಂದಿನದಕ್ಕೆಲ್ಲ ನನ್ನ ನೆನಪು, ಮನೆಯವರ ಮಾತು, ಇವೇ ಆಧಾರ. ಅವು ಒಂದಕ್ಕೊಂದು ಕೂಡುವುದಿಲ್ಲ.

ಕೂಡುವಲ್ಲಿಂದ ಶುರುಮಾಡುತ್ತೇನೆ. ಅದು ದೀಪಾವಳಿಯ ಎಣ್ಣೆಸ್ನಾನ, ಇದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಬಚ್ಚಲಿನಲ್ಲಿ ತಾಮ್ರದ ಹಂಡೆ ಕಾಯುತ್ತಿತ್ತು. ಆಯಿ, ಎಂದರೆ ಅಪ್ಪನ ತಾಯಿ, ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿಕೊಂಡು ಮನೆಯ ಹೆಣ್ಣುಮಕ್ಕಳಿಗೆಲ್ಲ ಎಣ್ಣೆ ಉಜ್ಜುತ್ತಿದ್ದಳು. ಅವಳ ಕೈ ಒರಟು. ಎರಡೂ ಅಂಗೈಗಳನ್ನು ಬೆನ್ನೆಲುಬಿನ ಆಚೆ ಈಚೆ ಇಟ್ಟು ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಸಲ ಜಾರಿಸುತ್ತಿದ್ದಳು. ಆ ವರ್ಷ ಕೈ ನಡುವೆಯೇ ನಿಂತಿತು.

"ಏ ಕೂಸ, ನೆಟ್ಟಗ ಕುಂಡ್ರು."

"ನೆಟ್ಟಗ ಕುಂತೀನಿ, ಆಯಿ."

"ಹಂಗಾರ ಬಾಗು. ಇನ್ನಷ್ಟ ಬಾಗು... ಯವ್ವಾ, ಇಲ್ಲೆ ಬಲಕ್ಕ ಮರದ ಗಂಟ ಎದ್ದಂಗ ಎದ್ದೈತಲ್ಲ!"

ಅವ್ವನನ್ನು ಕೂಗಿದಳು. ಅವ್ವ ಹೂರಣದ ಕೈಯಲ್ಲೇ ಬಂದು, ಬಾಗಿಲಲ್ಲಿ ನಿಂತು ನೋಡಿ, ಒಳಗೆ ಹೋದಳು. ಅವಳಿಗೆ ಮೊದಲೇ ಗೊತ್ತಿತ್ತು. ನನ್ನ ಶಾಲೆಯ ಲಂಗದ ಅಂಚು ಒಂದು ಕಡೆ ಇಳಿಬೀಳುತ್ತಿತ್ತು. ಮನೆಯ ಹೊಲಿಗೆ ಯಂತ್ರದಲ್ಲಿ ಆ ಕಡೆಯನ್ನಷ್ಟೇ ಬಿಚ್ಚಿ, ಮಡಿಚಿ, ಮತ್ತೆ ಹೊಲಿಯುತ್ತ ಬಂದಿದ್ದಳು. ನಾನು ಒಂದು ಕಾಲಿನ ಮೇಲೆ ಸೋಮಾರಿಯಾಗಿ ನಿಲ್ಲುತ್ತೇನೆ, ಅದಕ್ಕೇ ಹಾಗೆ ಎಂದು ತಿಳಿದಿದ್ದಳಂತೆ. ಅಂಚು ಸರಿಯಾದರೆ ಎಲ್ಲ ಸರಿಯಾದಂತೆ ಎಂದುಕೊಂಡಿರಬೇಕು.

ಆ ಚಳಿಗಾಲದಲ್ಲಿ ಮನೆಯ ಒಬ್ಬೊಬ್ಬರೂ ಒಂದೊಂದು ಔಷಧ ಕಂಡುಹಿಡಿದರು. ಆಯಿಯ ಪ್ರಕಾರ ತಪ್ಪು ನೀರಿನ ಕೊಡದ್ದು. ಓಣಿಯ ನಳದಿಂದ ನಾನು ನೀರು ತರುತ್ತಿದ್ದದ್ದು ಎಡ ಸೊಂಟದ ಮೇಲೆ. ಆ ಭಾರಕ್ಕೇ ಎಲುಬು ಹೊರಳಿದೆ, ಇನ್ನು ಬಲ ಸೊಂಟದ ಮೇಲೆ ಹೊತ್ತರೆ ಮೊದಲಿನಂತಾಗುತ್ತದೆ. ಅಭ್ಯಾಸವಿಲ್ಲದ ಸೊಂಟದಲ್ಲಿ ಕೊಡ ನಿಲ್ಲುತ್ತಿರಲಿಲ್ಲ. ಅರ್ಧ ನೀರು ನನ್ನ ಲಂಗದ ಮೇಲೆ, ಅರ್ಧ ಮನೆಗೆ. ಅವ್ವ ಎಡ ಹೆಗಲಿಗೆ ಒಳಗಿನಿಂದ ಹತ್ತಿಯ ಚಿಕ್ಕ ದಿಂಬಿನಂಥದ್ದನ್ನು ಹೊಲಿದು, ಎರಡೂ ಹೆಗಲು ಸಮ ಕಾಣುವಂತೆ ಮಾಡಿದಳು. ಅಪ್ಪ ತನ್ನ ವಸ್ತಾದನನ್ನು ಕರೆದುಕೊಂಡು ಬಂದ. ಗರಡಿಯಲ್ಲಿ ಅಪ್ಪನಿಗೆ ಕುಸ್ತಿ ಕಲಿಸಿದ ಮುದುಕ, ಜಾರಿದ ಕೀಲು ಕೂಡಿಸುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿದ್ದವನು. ಅವನು ಗಿರಣಿಯ ಕಟ್ಟೆ ದಾಟಿ ಒಳಗೆ ಬರಲಿಲ್ಲ.

"ಹುಡಗಿ ಬೆನ್ನ ನಾ ನೋಡೂದಲ್ಲ, ಬಸಣ್ಣ. ನೀ ಹೇಳು, ನಾ ಕೇಳ್ತೀನಿ. ಗಂಟ ಮೆತ್ತಗ ಐತೋ, ಗಟ್ಟಿ ಐತೋ?"

ಅಪ್ಪನಿಗೂ ಗೊತ್ತಿರಲಿಲ್ಲ. ಪಡಸಾಲೆಗೆ ಬಂದು ಅವ್ವನನ್ನು ಕೇಳಿದ. ಅವ್ವ ಅಡುಗೆಮನೆಗೆ ಬಂದು ಆಯಿಯನ್ನು ಕೇಳಿದಳು. ಆಯಿ ನನ್ನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಉತ್ತರ ಕೊಟ್ಟಳು. ಅದು ಬಂದ ದಾರಿಯಲ್ಲೇ ಹೊರಗೆ ಹೋಯಿತು.

"ಗಟ್ಟಿ ಐತಂತ."

"ಹಂಗಾರ ದಿನಾ ಜೋತ ಬೀಳಸು. ಮೈಭಾರಕ್ಕ ತಾನ ಜಗ್ಗಿ ಸೀದಾ ಆಗತೈತಿ. ನಿನಗ ನಾ ಮಾಡಿಸಿದ್ದಿಲ್ಲೇನು?"

ಹೀಗೆ, ವಸ್ತಾದ ನೋಡದ ಬೆನ್ನಿಗೆ ಔಷಧಿಯಾಯಿತು. ಪಡಸಾಲೆಯ ತೊಲೆಗೆ ಅಪ್ಪ ಎರಡು ಹಗ್ಗ ಇಳಿಬಿಟ್ಟು, ನಡುವೆ ಸಾಗವಾನಿ ಕೋಲು ಕಟ್ಟಿದ. ಬೆಳಿಗ್ಗೆ ಗಿರಣಿ ಶುರುವಾಗುವ ಮೊದಲು ನಾನು ಅದಕ್ಕೆ ಜೋತುಬೀಳಬೇಕು. ಅಪ್ಪ ಎದುರಿಗೆ ನಿಂತು ನನ್ನ ಮುಖ ನೋಡುತ್ತ "ನೋಡು, ಸೀದಾ ಆಗಾಕತ್ತೈತಿ" ಎನ್ನುತ್ತಿದ್ದ. ಅದು ಪೂರ್ತಿ ಸುಳ್ಳೂ ಅಲ್ಲ. ಜೋತುಬಿದ್ದಷ್ಟು ಹೊತ್ತು ಬೆನ್ನು ಹಿಗ್ಗುತ್ತಿತ್ತು, ಕಾಲು ನೆಲಕ್ಕೆ ತಾಗಿದೊಡನೆ ಮರಳಿ ತನ್ನ ಜಾಗಕ್ಕೆ ಕೂರುತ್ತಿತ್ತು. ಅಪ್ಪ ನೋಡುತ್ತಿದ್ದದ್ದು ಜೋತುಬಿದ್ದಾಗ ಮಾತ್ರ.

ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಹೋದದ್ದೂ ಅದೇ ದಿನಗಳಲ್ಲಿ. ಅಲ್ಲಿನ ವೈದ್ಯೆ ಕೈನಾಡಿ ಹಿಡಿದೇ ಎಲ್ಲ ಹೇಳುತ್ತಾಳೆಂದು ಅತ್ತಿಗೆ ಯಾರೋ ಹೇಳಿದ್ದರು. ಗೋವಿನಜೋಳದ ಹೊಲಗಳ ನಡುವೆ ಬಸ್ಸಿಳಿದು ಆಯಿ, ನಾನು ನಡೆದದ್ದು ನೆನಪಿದೆ. ಆಕೆ ನನ್ನ ಮಣಿಕಟ್ಟನ್ನು ಬಹಳ ಹೊತ್ತು ಹಿಡಿದಿದ್ದಳು. ಕೊನೆಗೆ ಕಪ್ಪು ಗುಳಿಗೆ ಕೊಟ್ಟು, ಮುರುಕು ಕನ್ನಡದಲ್ಲಿ, ಇದು ನೋವಿಗೆ ಮಾತ್ರ, ಎಲುಬಿಗೆ ದೊಡ್ಡ ಆಸ್ಪತ್ರೆಗೆ ಹೋಗಿ ಎಂದಳು. ನನಗೆ ಕೇಳಿಸಿದ್ದು ಇದು. ಆಯಿ ಮನೆಗೆ ಬಂದು ಹೇಳಿದ್ದು, "ಗುಳಗಿ ಕೊಟ್ಟಾಳ, ಎಲ್ಲಾ ಆರಾಮ ಆಗತೈತಿ ಅಂದ್ಲು." ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು.

ಗುಳಿಗೆ ಮುಗಿಯಿತು, ಗಂಟು ಉಳಿಯಿತು. ಓಡಿದರೆ ಉಸಿರು ಬೇಗ ಕಟ್ಟತೊಡಗಿತು. ಶಾಲೆಯಲ್ಲಿ ಪಾಠ ಹೇಳುವ ಬಾಯಿಯವರು ಅವ್ವನನ್ನು ಕರೆಸಿ ಮಾತಾಡಿದ ಮೇಲೆ ಹುಬ್ಬಳ್ಳಿಗೆ ಹೋದೆವು. ಅಲ್ಲಿನ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಾಗ ಮೊದಲು ಮಾತಾಡಿದ್ದು ಅಪ್ಪ.

"ಇದೇನ್ರಿ ಸಾಹೇಬ್ರ, ಗಣೇಶಗುಡಿ ಘಾಟ ಆಗೈತಲ್ಲ!"

ಡಾಕ್ಟರು ನಕ್ಕರು. ಆಮೇಲೆ ಅವರು ಹೇಳಿದ್ದನ್ನು ನಾನು ಎಷ್ಟೋ ಪುಸ್ತಕಗಳಲ್ಲಿ ಓದಿ ತಿಳಿದುಕೊಂಡಿದ್ದೇನೆ, ಆದ್ದರಿಂದ ಅಂದು ಕೇಳಿದ್ದೆಷ್ಟು, ನಂತರ ಸೇರಿಸಿಕೊಂಡದ್ದೆಷ್ಟು ಎಂದು ಬೇರ್ಪಡಿಸಲಾರೆ. ಸಾರ ಇಷ್ಟು. ಇದು ಕೊಡದಿಂದ ಬಂದದ್ದಲ್ಲ, ಚೀಲದಿಂದಲ್ಲ, ಕೂರುವ ರೀತಿಯಿಂದಲೂ ಅಲ್ಲ. ಬೆಳೆಯುವ ವಯಸ್ಸಿನಲ್ಲಿ ಕೆಲವು ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಕಾರಣ ತಿಳಿಯದೆ ಬರುತ್ತದೆ. ಬಾಗು ಚಿಕ್ಕದಿದ್ದು ಎಲುಬು ಇನ್ನೂ ಬೆಳೆಯುತ್ತಿದ್ದರೆ ಗಟ್ಟಿ ಬೆಲ್ಟು ಹಾಕಿ ಅದು ಹೆಚ್ಚದಂತೆ ತಡೆಯಬಹುದು. ನಾನು ದೊಡ್ಡವಳಾದದ್ದು ಯಾವಾಗ ಎಂದು ಕೇಳಿದರು, ಅವ್ವ ಅಪ್ಪನ ಕಡೆ ನೋಡದೆ ಹೇಳಿದಳು. ಬೆಳವಣಿಗೆ ಮುಗಿಯುತ್ತ ಬಂದಿದೆ, ಬಾಗು ದೊಡ್ಡದಾಗಿದೆ, ಬೆಲ್ಟಿನ ಕಾಲ ದಾಟಿತು ಎಂದರು. ಹಾಗೇ ಬಿಟ್ಟರೆ ಇಷ್ಟು ದೊಡ್ಡ ಬಾಗು ಮುಂದೆಯೂ ನಿಧಾನವಾಗಿ ಹೆಚ್ಚುತ್ತಲೇ ಹೋಗಬಹುದು. ಉಳಿದದ್ದು ಆಪರೇಶನ್: ಬೆನ್ನನ್ನು ಹಿಂದಿನಿಂದ ಬಿಚ್ಚಿ, ಮಣಿಗಳಿಗೆ ತಿರುಪು ಹಾಕಿ, ಎರಡೂ ಕಡೆ ಸರಳು ಕೂಡಿಸಿ, ನೆಟ್ಟಗೆ ಮಾಡಿದ ಆ ಮಣಿಗಳು ಒಂದೇ ಎಲುಬಾಗಿ ಬೆಸೆಯುವಂತೆ ಮಾಡುವುದು. ಕಾಲಿನ ಶಕ್ತಿ ಹೋಗುವ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನಲಾರೆ ಎಂದರು.

"ಇಲ್ಲಿ ಎರಡು ಬಾಗು ಅವ, ನೋಡ್ರಿ," ಎಂದು ಪೆನ್ನಿನ ತುದಿಯಿಂದ ತೋರಿಸಿದರು. "ಮ್ಯಾಲಿಂದು ದೊಡ್ಡದು. ಅದು ಬಲಕ್ಕ ಹೋಗ್ಯದ ಅಂತ ಕೆಳಗಿಂದು ಎಡಕ್ಕ ಹೋಗಿ ಸಾವರಿಸಿಕೊಂಡದ. ಎರಡೂ ಕೂಡಿಸಿ ಸೊಂಟದ ತನಕ ಸರಳು ಹಾಕಬಹುದು. ಚಲೋ ನೆಟ್ಟಗ ಆಗ್ತದ, ಆದರ ಸೊಂಟದ ಬಾಗು-ಬಳುಕು ಬಹಳಷ್ಟು ಹೋಗ್ತದ. ಇಲ್ಲಾ, ಮ್ಯಾಲಿಂದಷ್ಟೇ ಮಾಡಿ ಕೆಳಗಿಂದು ಬಿಡಬಹುದು. ಕೆಳಗಿಂದು ತಾನಾಗೇ ಸ್ವಲ್ಪ ಸುಧಾರಿಸಬಹುದು. ಸ್ವಲ್ಪ ಡೊಂಕು ಉಳೀತದ. ಮುಂದೊಂದಿನ ಅದು ತ್ರಾಸ ಕೊಟ್ಟರ ಮತ್ತೊಂದು ಆಪರೇಶನ್ ಬೇಕಾಗಬಹುದು, ಆಗದೇನೂ ಇರಬಹುದು."

"ಅರ್ಧಾ ಯಾಕ್ರಿ? ಪೂರಾ ಮಾಡ್ರಿ," ಎಂದ ಅಪ್ಪ.

ಅವ್ವ ಸೆರಗು ಸರಿಮಾಡಿಕೊಂಡು, ಆ ಕೋಣೆಗೆ ಬಂದ ಮೇಲೆ ಮೊದಲ ಬಾರಿಗೆ ತಾನಾಗಿ ಬಾಯಿಬಿಟ್ಟಳು.

"ಪೂರಾ ಮಾಡಿದ್ರ ರೊಟ್ಟಿ ಬಡ್ಯಾಕ ಬರ್ತೈತೇನ್ರಿ?"

"ನೆಲದ ಮ್ಯಾಲೆ ಕೂತಾ?"

"ಮತ್ತ ಎಲ್ಲಿ ಕುಂತ್ರಿ?"

ಡಾಕ್ಟರು ಪೆನ್ನು ಕೆಳಗಿಟ್ಟರು. ತೊಡೆಯ ಕೀಲು ಬಾಗುತ್ತದೆ, ರೂಢಿಯಾದರೆ ಜನ ಬೇಕಾದಷ್ಟು ಕೆಲಸ ಮಾಡುತ್ತಾರೆ, ಆದರೆ ಈಗಿನಂತೆ ಅಲ್ಲ ಎಂದರು. ತಾವು ಮಾಡುವುದಾದರೆ ಮೇಲಿನದಷ್ಟನ್ನೇ ಮಾಡಲು ಮನಸ್ಸಿದೆ, ಆದರೆ ಎರಡಕ್ಕೂ ಆಧಾರವಿದೆ, ಮನೆಯಲ್ಲಿ ವಿಚಾರ ಮಾಡಿ ಬನ್ನಿ ಎಂದು ಕಳಿಸಿದರು.

ವಿಚಾರ ಎಂದರೆ ನಮ್ಮ ಮನೆಯಲ್ಲಿ ಜಗಳ. ಅದು ಅಡುಗೆಮನೆಯಲ್ಲಿ, ಊಟದ ಹೊತ್ತಿಗೆ, ಗಿರಣಿ ನಿಂತಿದ್ದಾಗ. ಸಾಲಾಗಿ ಕುಳಿತ ನಮಗೆ ಅವ್ವ ಒಲೆಯ ಮುಂದಿನಿಂದಲೇ ರೊಟ್ಟಿ ಎಸೆಯುತ್ತಿದ್ದಳು. ಸಿಟ್ಟಿದ್ದರೆ ಬಡಿತದ ಸದ್ದಿನಲ್ಲೇ ತಿಳಿಯುತ್ತಿತ್ತು. ಅತ್ತಿ ದಾಂಡೇಲಿಯಿಂದ ಬಂದಿದ್ದಳು.

"ಪೂರಾ ಮಾಡಸ್ರಿ ಅಂತೀನಿ ನಾ. ನಾಳೆ ಹುಡಗೀನ ನೋಡಾಕ ಬಂದವರು ಡೊಂಕ ಸೊಂಟ ನೋಡ್ತಾರೋ, ರೊಟ್ಟಿ ನೋಡ್ತಾರೋ?"

"ನೀವು ನನ್ನ ನೋಡಾಕ ಬಂದಾಗ ಏನ ನೋಡಿದ್ರಿ ವೈನಿ?" ಎಂದಳು ಅವ್ವ, ಬಡಿಯುವುದನ್ನು ನಿಲ್ಲಿಸದೆ.

ಅತ್ತಿ ನೆನಪಿಸಿಕೊಂಡಳು. ಸುಳ್ಳು ಹೇಳುವ ಸ್ವಭಾವದವಳಲ್ಲ.

"ಬಾಗಿ ಕಾಲ ಮುಟ್ಟಿದ್ದ ನೋಡಿದ್ವಿ."

ಆಯಿಗೆ ಎರಡೂ ಬೇಡವಾಗಿತ್ತು. ಅವಳ ಆಕ್ಷೇಪಣೆ ಯಾರೂ ಎಣಿಸದ ದಿಕ್ಕಿನಿಂದ ಬಂತು.

"ನಮ್ಮ ಮಂದೀನ ಕುಂಡ್ರಿಸಿ ಮಣ್ಣ ಮಾಡ್ತಾರ. ಬೆನ್ನಾಗ ಕಬ್ಬಣದ ಸರಳ ಹಾಕಿದ ಮ್ಯಾಲೆ ಈಕಿನ್ನ ಹೆಂಗ ಕುಂಡ್ರಸ್ತೀರಿ?"

"ಕೂಸ ಇನ್ನೂ ಊಟಕ್ಕ ಕುಂತೈತಿ, ಅತ್ತೀ!" ಎಂದು ಅವ್ವ ಮೊದಲ ಸಲ ತನ್ನ ಅತ್ತೆಯ, ಎಂದರೆ ಆಯಿಯ, ಮೇಲೆ ದನಿ ಏರಿಸಿದಳು. "ಮಣ್ಣಾಗ ಕುಂಡ್ರೂದು ಆಮ್ಯಾಲೆ. ಮೊದಲ ಮಣೀ ಮ್ಯಾಲೆ ಕುಂಡ್ರಲಿ."

ನನ್ನನ್ನು ಯಾರೂ ಕೇಳಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಹಾಗೆ ಬರೆದರೆ ಚೆನ್ನಾಗಿ ಓದಿಸಿಕೊಳ್ಳುತ್ತದೆ ಕೂಡ. ಆದರೆ ಕೇಳಿರಬಹುದು, ನಾನೇ ಉತ್ತರ ಕೊಡದೆ ಇದ್ದಿರಬಹುದು. ನನಗೆ ಆಗ ಏನು ಬೇಕಿತ್ತು? ನೆಟ್ಟಗಾಗಬೇಕಿತ್ತು, ಅದು ಖಚಿತ. ಶಾಲೆಯ ಸಾಲಿನಲ್ಲಿ ಹಿಂದೆ ನಿಂತವರು ನನ್ನ ಬೆನ್ನು ನೋಡಬಾರದಿತ್ತು. ಆದರೆ ಆ ಮನೆಯಲ್ಲಿ ಪ್ರತಿಯೊಂದು ಕೆಲಸವೂ ನೆಲದ ಮೇಲಿತ್ತು: ಊಟ, ರೊಟ್ಟಿ, ಬಟ್ಟೆ ಒಗೆಯುವ ಕಲ್ಲು, ಹೆರಳು ಹಾಕಿಸಿಕೊಳ್ಳುವುದು, ವಿಭೂತಿ ಹಚ್ಚಿಕೊಂಡು ಆಯಿಯ ಪಕ್ಕ ಪೂಜೆಗೆ ಕೂರುವುದು. ಬಾಗಲಾರದವಳಿಗೆ ಆ ಮನೆಯಲ್ಲಿ ನಿಲ್ಲಲು ಜಾಗವಿತ್ತು, ಇರಲು ಇರಲಿಲ್ಲ. ನನಗೆ ಅದರ ಭಯವಿತ್ತು ಎಂದು ಈಗ ಅನ್ನಿಸುತ್ತದೆ.

ಹಲಗೆ ಬರುವುದು ಇಲ್ಲಿ. ಕಟ್ಟಿ ನೋಡೋಣ ಎಂದವರು ಯಾರು? ನನ್ನ ನೆನಪಿನಲ್ಲಿ ನಾನು. ಅವ್ವನ ನೆನಪಿನಲ್ಲಿ ಅವ್ವ. ಅತ್ತಿ ತಾನೇ ಎಂದು ಆಣೆ ಮಾಡುತ್ತಾಳೆ. ಗಿರಣಿಯಲ್ಲಿ ಹಿಟ್ಟಿನ ಪೆಟ್ಟಿಗೆಯ ಬಾಯಿಗೆ ಮುಚ್ಚುವ ಒಂದು ತೆಳು ಹಲಗೆಯಿತ್ತು, ಅಂಗೈ ಅಗಲದ್ದು. ಅವ್ವ ಅದನ್ನು ನನ್ನ ಬೆನ್ನಿಗಿಟ್ಟು, ಹೆಗಲಿನ ಕೆಳಗಿನಿಂದ ಸೊಂಟದವರೆಗೆ ಹಳೆಯ ಸೀರೆಯಿಂದ ಸುತ್ತಿ ಬಿಗಿದಳು. ಇದು ಪೂರಾ ಆಪರೇಶನ್. ಹಾಗೇ ಮನೆಯಲ್ಲಿ ಓಡಾಡಿದೆ. ನಡೆಯುವಾಗ ನನಗೇ ಹೆಮ್ಮೆಯಾಗುವಷ್ಟು ನೆಟ್ಟಗಿದ್ದೆ. ಅತ್ತಿ, "ನೋಡ್ರಿ, ರಾಣಿ ಬಂದ್ಲು" ಎಂದಳು. ರಾಣಿ ಒಲೆಯ ಮುಂದೆ ಕುಳಿತಾಗ ಹಲಗೆಯ ಕೆಳತುದಿ ಸೊಂಟಕ್ಕೆ ಒತ್ತಿತು. ಕೈ ಹಿಟ್ಟು ನಾದುವ ಕೊಣಮಿಗೆಯವರೆಗೆ ಹೋಯಿತು, ಆದರೆ ರೊಟ್ಟಿ ಬಡಿಯಲು ಮೈ ಕೈಯ ಹಿಂದೆ ಬರಬೇಕು, ಅದು ಬರಲಿಲ್ಲ. ಹಿಟ್ಟು ಒಂದೇ ಕಡೆ ತೆಳುವಾಗಿ ಹರಿಯಿತು. ಬಿದ್ದ ಲೋಟ ಎತ್ತಿಕೊಳ್ಳಲು ಮಂಡಿಯೂರಬೇಕಾಯಿತು. ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲಾಗಲಿಲ್ಲ.

"ನಾಟಕ ಮಾಡ್ತಾಳ," ಎಂದ ಅಪ್ಪ. "ರೂಢಿ ಇಲ್ಲ, ಅಷ್ಟ. ಕೊಡ್ರಿ ಇಲ್ಲೆ."

ಅವನು ಅಂಗಿ ಬಿಚ್ಚಿದ, ಅವ್ವ ನಗದೆ ಹಲಗೆ ಕಟ್ಟಿದಳು. ಗಿರಣಿಗೆ ಹೋಗಿ ಜೋಳದ ಚೀಲದ ಮುಂದೆ ನಿಂತ. ಪೈಲವಾನ ಕಾಲು ಅಗಲಿಸಿ ಕೆಳಗೆ ಕೂತ, ಚೀಲ ತಬ್ಬಿದ, ಏಳಲು ಹೋದ. ಬೆನ್ನು ಬಾಗದೆ ಚೀಲ ಎದೆಗೆ ಬರಲಿಲ್ಲ. ಎರಡನೆಯ ಸಲ ಹಿಂದಕ್ಕೆ ಉರುಳಿ, ಹಲಗೆ ಸಮೇತ ಹಿಟ್ಟಿನ ನೆಲದ ಮೇಲೆ ಅಂಗಾತ ಬಿದ್ದ. ಬೀಸಿಸಲು ಬಂದಿದ್ದ ಮುದುಕಿಯೊಬ್ಬಳು ಬಾಯಿಗೆ ಸೆರಗು ಹಿಡಿದಳು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ಹತ್ತಿದರೆ ಸೋಲು. ಅದನ್ನು ಅಪ್ಪನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎದ್ದು ಸೀರೆ ಬಿಚ್ಚಿದ. ಕರಗಸ ತಂದು, ಹಲಗೆಯನ್ನು ಮೊಣಕಾಲ ಕೆಳಗೆ ಹಿಡಿದು ಅಡ್ಡಕ್ಕೆ ಕೊಯ್ದ. ಉಳಿದ ತುಂಡನ್ನು ಅವ್ವನ ಕೈಗೆ ಕೊಟ್ಟ. ಅವ್ವ ಅದನ್ನು ನನ್ನ ಬೆನ್ನಿನ ಮೇಲರ್ಧಕ್ಕೆ ಕಟ್ಟಿದಳು. ಕುಳಿತೆ, ಬಾಗಿದೆ, ಬಡಿದೆ. ರೊಟ್ಟಿ ದುಂಡಗೇನೂ ಆಗಲಿಲ್ಲ, ಹಲಗೆ ಇಲ್ಲದಾಗಲೂ ನನ್ನದು ಆಗುತ್ತಿರಲಿಲ್ಲ. ಅಪ್ಪ ಅದನ್ನೇ ಇಸಿದುಕೊಂಡು ತಿಂದ. ಹುಬ್ಬಳ್ಳಿಗೆ ಮರಳಿ ಹೋದಾಗ, "ಮ್ಯಾಲಿಂದಷ್ಟ ಮಾಡ್ರಿ ಸಾಹೇಬ್ರ" ಎಂದು ಹೇಳಿದವನೂ ಅವನೇ. ಹಲಗೆಯ ವಿಷಯ ಕೇಳಿ ಡಾಕ್ಟರು ಬಹಳ ಹೊತ್ತು ನಕ್ಕರು. ಆಮೇಲೆ, ಮನುಷ್ಯನ ಬೆನ್ನು ಹಲಗೆಯಲ್ಲ, ಇದರಿಂದ ಏನೂ ಸಾಬೀತಾಗುವುದಿಲ್ಲ, ಆದರೂ ನಾನು ಹೇಳಬೇಕೆಂದಿದ್ದದ್ದನ್ನೇ ಹೇಳುತ್ತಿದ್ದೀರಿ ಎಂದರು.

ಆಸ್ಪತ್ರೆಗೆ ಹೊರಡುವ ಮುಂಜಾನೆ ದೇವರ ಗೂಡಿಗೆ ಕೈಮುಗಿದು ಹಿರಿಯರ ಕಾಲಿಗೆ ಬಿದ್ದೆ. ಆಯಿ ಮಾತ್ರ ಕಾಲು ಹಿಂದಕ್ಕೆಳೆದುಕೊಂಡಳು.

"ನನಗ ಈಗ ಬ್ಯಾಡ. ಬಂದ ಮ್ಯಾಲೆ ಬಾಗು."

ಆಗ ಅದು ಸಿಟ್ಟು ಎನ್ನಿಸಿತು. ಆಪರೇಶನ್ನಿನ ಬಗ್ಗೆ ನನಗೆ ಹೇಳಲು ಏನೂ ಇಲ್ಲ, ನಾನು ಅಲ್ಲಿರಲಿಲ್ಲ. ಎಚ್ಚರವಾದಾಗ ಯಾರೋ ಕಾಲ್ಬೆರಳು ಆಡಿಸು ಎಂದರು, ಆಡಿಸಿದೆ. ಪಕ್ಕದಲ್ಲಿ ಅವ್ವ ಅತ್ತಳು. ಮಗ್ಗುಲು ಬದಲಿಸಬೇಕಾದಾಗ ಇಬ್ಬರು ಹಿಡಿದು, ದಾಂಡೇಲಿಯ ಡಿಪೋದಲ್ಲಿ ದಿಮ್ಮಿ ಉರುಳಿಸುವ ಹಾಗೆ, ಇಡೀ ಮೈಯನ್ನು ಒಂದೇ ತುಂಡಾಗಿ ಹೊರಳಿಸುತ್ತಿದ್ದರು. ಅಪ್ಪ ಹಾಸಿಗೆಯ ಬದಿಯಲ್ಲಿ ನಿಂತು ಸೀಲಿಂಗ್ ಫ್ಯಾನು ನೋಡಿದ, ನನ್ನನ್ನು ನೋಡಿದ.

"ಚಿತ್ ಮಾಡ್ಯಾರಲ್ಲೋ ನಿನ್ನ."

"ನಿನಗಿಂತ ಚೊಲೋ ಬಿದ್ದೀನಿ," ಎಂದೆ. ಇದು ನನ್ನ ದಿನಚರಿಯ ಮೊದಲ ಪುಟದಲ್ಲಿದೆ, ಆದ್ದರಿಂದ ನಿಜವೆಂದು ಇಟ್ಟುಕೊಳ್ಳುತ್ತೇನೆ.

ಮನೆಗೆ ಬಂದ ಮೇಲೂ ಬಹಳ ಕಾಲ ಬಾಗುವ ಹಾಗಿರಲಿಲ್ಲ. ಆಯಿ ದಿನಾ ಕೇಳುತ್ತಿರಲಿಲ್ಲ, ಆದರೆ ನನ್ನೆದುರು ಕುಳಿತಾಗಲೆಲ್ಲ ಕಾಲನ್ನು ಸೀರೆಯೊಳಗೆ ಮುಚ್ಚಿಕೊಳ್ಳುತ್ತಿದ್ದಳು. ಡಾಕ್ಟರು ಇನ್ನು ಬಾಗಬಹುದು ಎಂದು ಹೇಳಿದ ವಾರ, ಅವಳು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಾಗ ಹೋಗಿ ಮುಂದೆ ನಿಂತೆ. ಮೊರವನ್ನು ಪಕ್ಕಕ್ಕಿಟ್ಟಳು, ಕಾಲು ಹೊರಗೆ ಚಾಚಿದಳು. ಬಾಗಿದೆ. ಮೇಲಿನ ಬೆನ್ನು ಹಲಗೆಯ ಹಾಗೆ ಹಾಗೇ ಬಂತು, ಸೊಂಟ ಬಾಗಿತು, ಕೈ ಅವಳ ಪಾದಕ್ಕೆ ತಾಗಿತು. ಅವಳು ಹರಸಲು ತಲೆಯ ಮೇಲೆ ಕೈಯಿಡಲಿಲ್ಲ. ಎರಡೂ ಅಂಗೈಗಳನ್ನು ನನ್ನ ಬೆನ್ನ ಮೇಲಿಟ್ಟು, ಕುತ್ತಿಗೆಯಿಂದ ಸೊಂಟದವರೆಗೆ ಒಂದೇ ಸಲ ಜಾರಿಸಿದಳು. ಕೈ ನಡುವೆ ನಿಲ್ಲಲಿಲ್ಲ. ಅಥವಾ ನಿಲ್ಲಲಿಲ್ಲವೆಂದು ನಾನು ನೆನೆಯುತ್ತೇನೆ. ಗಂಟು ಪೂರ್ತಿ ಹೋಗಿರಲಿಲ್ಲ, ಈಗಲೂ ಇದೆ.

ಅತ್ತಿಯ ಫೋನಿನ ನಂತರದ ಭಾನುವಾರ ಹಳಿಯಾಳಕ್ಕೆ ಹೋದೆ. ಗಿರಣಿ ನಡೆಯುತ್ತಿತ್ತು, ಅಪ್ಪ ಬೆಳ್ಳಗೆ ಕುಳಿತಿದ್ದ. ತೊಲೆಗೆ ಕಟ್ಟಿದ ಕೋಲಿನ ಮೇಲೆ ಅವ್ವ ಹಸಿ ಸೀರೆ ಹರವಿದ್ದಳು. ಹಲಗೆಯ ತುಂಡು ಸಿಕ್ಕಿತು. ಗಿರಣಿಯ ಯಂತ್ರದ ಕೆಳಗೆ, ನಡುಗದಿರಲೆಂದು ಒತ್ತು ಕೊಟ್ಟಿದ್ದರು.

"ಅದನ್ನ ನಾ ಕೊಯ್ದಿಲ್ಲ," ಎಂದ ಅಪ್ಪ, ಕೇಳದೆಯೇ. "ಮೊದಲ ಮುರದಿತ್ತು. ಡಾಕ್ಟರು ಹೇಳಿದ್ರು, ನಾವು ಮಾಡಸಿದ್ವಿ. ಹಲಗಿ-ಗಿಲಗಿ ಎಲ್ಲಾ ನೀ ಮದುವ್ಯಾಗ ಹೇಳೂ ಕಥಿ."

"ಮುರದಿತ್ತಂತ! ಹಿಟ್ಟಿನ್ಯಾಗ ಬಿದ್ದದ್ದೂ ಕಥೀನ?" ಎಂದಳು ಅವ್ವ ಒಳಗಿನಿಂದ.

ಅಂಚು ಮುಟ್ಟಿ ನೋಡಿದೆ. ಕರಗಸದ ಗೆರೆಗಳಿವೆ, ಮುರಿದದ್ದಲ್ಲ. ಆದರೆ ಕೊಯ್ದದ್ದು ಯಾವಾಗ, ಯಾತಕ್ಕೆ ಎಂದು ಅಂಚು ಹೇಳುವುದಿಲ್ಲ. ಅದು ನಿಜವೇ ಆಗಿದ್ದರೂ ಅದರಿಂದ ಏನು ತಿಳಿಯಿತು? ದೀರ್ಘ ಪ್ರಯಾಣದ ಮರುದಿನ ನನ್ನ ಕೆಳಬೆನ್ನು ನೋಯುತ್ತದೆ. ಕನ್ನಡಿಯಲ್ಲಿ ಸೊಂಟದ ಒಂದು ಕಡೆ ಇನ್ನೂ ಒಳಗೆ ಸರಿದಿದೆ. ಪೂರಾ ಮಾಡಿಸಿದ್ದರೆ ಇವೆರಡೂ ಇರುತ್ತಿರಲಿಲ್ಲವೇನೋ, ಬೇರೆ ಏನೋ ಇರುತ್ತಿತ್ತೇನೋ. ಆ ಇನ್ನೊಬ್ಬ ಸುಮಾಳನ್ನು ಕೇಳಲು ಸಿಗುವುದಿಲ್ಲ. ನಾವು ಸರಿಯಾದ ನಿರ್ಧಾರಕ್ಕೆ ತಪ್ಪು ದಾರಿಯಿಂದ ಬಂದೆವೋ, ಅಥವಾ ಬಂದ ನಿರ್ಧಾರವನ್ನೇ ಸರಿಯೆಂದು ಇಷ್ಟು ವರ್ಷ ಹೇಳಿಕೊಂಡೆನೋ ಗೊತ್ತಿಲ್ಲ. ಹಲಗೆಯನ್ನು ಮತ್ತೆ ಯಂತ್ರದ ಕೆಳಗೆ ತಳ್ಳಿದೆ. ಅತ್ತಿಗೆ ಫೋನು ಮಾಡಿ, ಹಲಗೆ ಕಳಿಸುವುದಿಲ್ಲ, ನಾನೇ ಬರುತ್ತೇನೆ ಎಂದೆ.

ಪ್ರೀತಿಯ ಬೆನ್ನು ನನ್ನದಲ್ಲ. ದಾಂಡೇಲಿಗೆ ಹೋಗಿ ಅವಳ ಫಿಲ್ಮು ನೋಡಿದೆ. ಬಾಗು ಬೇರೆ ಕಡೆಯಿದೆ, ನನ್ನಷ್ಟು ದೊಡ್ಡದಿಲ್ಲ, ಅವಳು ಇನ್ನೂ ಬೆಳೆಯುತ್ತಿದ್ದಾಳೆ. ಅವಳ ಡಾಕ್ಟರು ಮೊದಲು ಬೆಲ್ಟು ಎಂದಿದ್ದಾರೆ, ಅದಕ್ಕೆ ನಿಲ್ಲದಿದ್ದರೆ ಆಪರೇಶನ್. ಕೆಲವು ಕಡೆ ಬೆಸೆಯುವ ಬದಲು ಒಂದು ಬದಿಗೆ ಹಗ್ಗದಂಥದ್ದನ್ನು ಬಿಗಿದು, ಎಲುಬು ಬೆಳೆಯುತ್ತ ತಾನೇ ನೆಟ್ಟಗಾಗಲು ಬಿಡುತ್ತಾರಂತೆ, ಅದು ಹೊಸದು, ಎಲ್ಲರಿಗೂ ಹೊಂದುವುದಿಲ್ಲ ಎಂದೂ ಹೇಳಿದ್ದಾರೆ. ಪ್ರೀತಿಗೆ, ಮುಂದಿನ ಭೇಟಿಗೆ ಜೊತೆಗೆ ಬರುತ್ತೇನೆ, ರೊಟ್ಟಿಯೋ ಓಟವೋ, ನಿನಗೆ ಯಾವುದು ಮುಖ್ಯವೋ ಅದನ್ನು ನೀನೇ ಅವರಲ್ಲಿ ಕೇಳು ಎಂದೆ. ಅತ್ತಿಗೆ ಇದು ರುಚಿಸಲಿಲ್ಲ. ಚಹಾ ತರಲು ಒಳಗೆ ಹೋದಳು. ಹುಡುಗಿ ಎದ್ದು ಕೋಣೆಯ ಬಾಗಿಲು ಹಾಕಿದಳು.

"ಸುಮಕ್ಕ, ನೀವು ಬಾಗಿ ತೋರಸ್ರಿ."

ಅವಳಿಗೆ ಬೆನ್ನು ಮಾಡಿ ನಿಂತು ಬಾಗಿದೆ. ಬೆರಳು ಪಾದ ಮುಟ್ಟಿತು. ಆಮೇಲೆ ಕುಪ್ಪಸದ ಕೆಳಗೆ, ಗಾಯದ ಗೆರೆ ಮುಗಿಯುವಲ್ಲಿ, ಒಂದು ತಣ್ಣನೆಯ ಬೆರಳು.

"ಇಲ್ಲಿಂದ ಬಾಗ್ತೈತಿ."

"ಹೂಂ. ಅಲ್ಲಿಂದ."

"ನೂಸ್ತೈತೇನ್ರಿ?"

"ಒಮ್ಮೊಮ್ಮಿ."

ಬೆರಳು ಅಲ್ಲೇ ಇತ್ತು. ಹೊರಗೆ ಅತ್ತಿ ಬಾಗಿಲು ಬಡಿದು, ಚಹಾ ಆರುತ್ತದೆ ಎಂದು ಕೂಗಿದಳು.

"ಇನ್ನೊಮ್ಮಿ ಬಾಗ್ರಿ," ಎಂದಳು ಪ್ರೀತಿ. "ಈ ಸಲ ಸಾವಕಾಶ."

ನಾನು ನೆಟ್ಟಗೆ ನಿಂತು, ಮತ್ತೆ ಬಾಗಿದೆ.